ಯಾವ ಹಡಗು ಹತ್ತಬೇಕು

ಜೇಮ್ಸ್ ನದಿಯ ದಂಡೆ, ವರ್ಜೀನಿಯಾ
೨ ಫೆಬ್ರವರಿ ೧೬೩೬

ನನ್ನ ಮುದ್ದಿನ ತಂಗಿ ಟ್ಯಾಮ್ಸಿನ್,

ನಿನ್ನ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ನಮ್ಮೂರು ಬಿಡೆಫೋರ್ಡಿನ ಹೆಂಡದಂಗಡಿಯಲ್ಲಿ ಯಾವನೋ ನಾವಿಕ, "ವರ್ಜೀನಿಯಾಕ್ಕೆ ಹೋದೋರು ಹಾವು ತಿಂದ್ಕೊಂಡು ಬದುಕ್ತಾರೆ" ಎಂದನಂತೆ, ನೀನು ನಂಬಿದೆಯಂತೆ. ಆ ಮಹಾಶಯ ಹಡಗಿನಿಂದ ಕೆಳಗೆ ಇಳಿದೇ ಇರಲಿಕ್ಕಿಲ್ಲ.

ನಾನು ಕಣ್ಣಾರೆ ಕಂಡದ್ದು ಕೇಳು. ಇಲ್ಲಿ ಪಾರಿವಾಳಗಳ ಹಿಂಡು ಹಾರಿದರೆ ಹಾಡುಹಗಲೇ ಮಬ್ಬು ಕವಿಯುತ್ತದೆ. ಅದು ದಾಟುವವರೆಗೆ ಗುದ್ದಲಿ ಊರಿ ಬಾಯಿ ತೆರೆದು ನಿಂತಿರುತ್ತೇವೆ. ವಸಂತದಲ್ಲಿ ನದಿಗೆ ಬುಟ್ಟಿ ಅದ್ದಿದರೆ ಸಾಕು, ಮೀನು. ಈ ನದಿಯ ಮೂಲ ಜನರಿಂದ ಕಲಿತು ಬೆಳೆದ ಮುಸುಕಿನ ಜೋಳ ನನಗಿಂತ ಎತ್ತರ. ಇಳಿದ ದಿನ ನಿನ್ನ ಭಾವ ಡಿಗರಿ ಒಂದು ಮರವನ್ನು ತಬ್ಬಿಕೊಂಡು, "ಏ ವಿಲ್ಮಟ್, ನಾಲ್ಕು ಜನ ಕೈ ಕೈ ಹಿಡ್ಕೊಂಡ್ರೂ ಇದನ್ನ ಸುತ್ತೋಕಾಗಲ್ಲ ಕಣೇ. ನಮ್ಮೂರಲ್ಲಿ ಒಣಕಡ್ಡಿ ಆರಿಸಿದ್ರೂ ಜಮೀನ್ದಾರ ಬೈತಿದ್ದ" ಎಂದರು. ಅವರ ಕಣ್ಣು ತುಂಬಿತ್ತು. ಇಷ್ಟು ದೊಡ್ಡದನ್ನು ದೇವರು ಇಷ್ಟು ಕಾಲ ಯಾಕೆ ಮುಚ್ಚಿಟ್ಟಿದ್ದನೋ ಎಂದು ನನಗೂ ಬೆರಗಾಯಿತು.

ಕೆಲಸ ಕಷ್ಟದ್ದೇ, ಸುಳ್ಳು ಹೇಳುವುದಿಲ್ಲ. ಪ್ರಯಾಣದ ಖರ್ಚು ಕೊಟ್ಟ ಒಡೆಯರ ಹೊಗೆಸೊಪ್ಪಿನ ಹೊಲದಲ್ಲಿ ನಾಲ್ಕು ವರ್ಷ ದುಡಿಯಬೇಕು, ಆಮೇಲೆ ಸ್ವತಂತ್ರರು. ಒಡೆಯರು ಮೊನ್ನೆ ಕರೆದು, "ನಿನ್ ತಂಗೀಗೆ ಚೆನ್ನಾಗಿ ಬರಿಯಮ್ಮ. ಮೇ ತಿಂಗಳ ಹಡಗಿಗೇ ಹತ್ಲಿ, ಖರ್ಚು ನಂದು" ಎಂದರು. ಕಂಡವರ ಮನೆ ಪಾತ್ರೆ ತಿಕ್ಕುತ್ತಾ ಅಲ್ಲೇ ಮುದುಕಿಯಾಗಬೇಡ. ಬಾ.

ನಿನ್ನ ದಾರಿ ಕಾಯುವ ಅಕ್ಕ,
ವಿಲ್ಮಟ್

ತಾ.ಕ.: ಮೇಲಿನದನ್ನು ಒಡೆಯರು ಓದಿ ಮೆಚ್ಚಿದರು. ಈ ಚೀಟಿಯನ್ನು ಆಮೇಲೆ ಬರೆದು ಒಳಗೆ ಸೇರಿಸಿದ್ದೇನೆ. ಅಲ್ಲಿ ಬರೆದದ್ದೆಲ್ಲ ನಿಜ, ಬಾ ಎಂದದ್ದೂ ನಿಜ. ಆದರೆ ಮೇ ತಿಂಗಳ ಹಡಗು ಹತ್ತಬೇಡ. ಅದು ಇಲ್ಲಿಗೆ ಸೇರುವುದು ಜುಲೈಯ ನಡುಬೇಸಿಗೆಯಲ್ಲಿ, ಹೊಸಬರು ಜ್ವರಕ್ಕೆ ಬೀಳುವುದೂ ಆಗಲೇ. ನಮ್ಮ ಹಡಗಿನಿಂದ ಇಳಿದ ಮೂವತ್ತೊಂದು ಜನರಲ್ಲಿ ಚಳಿಗಾಲ ಕಂಡವರು ಹನ್ನೆರಡು. ಡಿಗರಿ ಅವರಲ್ಲಿ ಇಲ್ಲ. ಆರು ವಾರ ಇದ್ದರು, ಅಷ್ಟೇ. ಎರಡು ವರ್ಷ ನಿನ್ನಿಂದ ಮುಚ್ಚಿಟ್ಟೆ, ಬರೆಯಲು ಕೈ ಬರಲಿಲ್ಲ. ಈ ಜ್ವರದ ವಿಷಯ ಒಡೆಯರಿಗೂ ಗೊತ್ತು. ಕರೆತಂದ ಒಂದೊಂದು ತಲೆಗೂ ಸರ್ಕಾರ ಅವರಿಗೆ ಐವತ್ತು ಎಕರೆ ಕೊಡುತ್ತದೆ, ಇಳಿದವರು ಆಮೇಲೆ ಬದುಕಲಿ ಬಿಡಲಿ. ಡಿಗರಿಯ ತಲೆಗೆಂದು ಒಡೆಯರಿಗೆ ಸಿಕ್ಕ ಐವತ್ತು ಎಕರೆಯಲ್ಲಿ ಈಗ ನಾನೇ ಸಸಿ ನೆಡುತ್ತೇನೆ.

ಸೆಪ್ಟೆಂಬರಿನ ಹಡಗು ಹತ್ತು, ಟ್ಯಾಮ್ಸಿನ್. ಅದು ಸೇರುವಷ್ಟರಲ್ಲಿ ಇಲ್ಲಿ ಚಳಿ ಬಿದ್ದು ಜ್ವರ ಅಡಗಿರುತ್ತದೆ. ನನಗೆ ನೀನು ಜೀವಂತವಾಗಿ ಬೇಕು.