ಮಗ್ಗ ಓಡುತ್ತಲೇ ಇತ್ತು, ಅಪ್ಪಾ

ಅಪ್ಪಾ,

ನೀನು ರಿಟೈರಾದ ದಿನ ನೆನಪಿದೆಯಾ? ಕೊರಳಲ್ಲಿ ಹಾರ ಹಾಗೇ ಇತ್ತು. ಕಾರಿನಿಂದ ಇಳಿದವನು ಮನೆಗೂ ಬರದೆ ಸೀದಾ ಅತ್ತೆಯ ಮಗ್ಗದ ಶೆಡ್ಡಿಗೆ ನುಗ್ಗಿದೆ. ಎರಡು ವಿದ್ಯುತ್ ಮಗ್ಗಗಳ ಅಬ್ಬರದ ನಡುವೆ ಅವಳ ಕಿವಿಯ ಹತ್ತಿರ ಬಾಯಿಟ್ಟು, "ಅಕ್ಕಾ, ಇವತ್ತು ರಿಟೈರ್ ಆದೆ!" ಎಂದು ಕಿರುಚಿದೆ. "ಟೈರ್ ಹೋಯ್ತಾ? ಯಾವ್ದು, ಹಿಂದಿಂದಾ?" ಅಂದಳು ಅತ್ತೆ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನೀನು ಮಾತ್ರ ನಗಲಿಲ್ಲ.

ಯಾಕೆ ಅಂತ ಆಮೇಲೆ ಅಮ್ಮ ಹೇಳಿದಳು. ಅಜ್ಜ ತೀರಿಕೊಂಡ ಮೇಲೆ ನಿನ್ನನ್ನು ಎಂಜಿನಿಯರಿಂಗ್ ಓದಿಸಿದ್ದು ಇದೇ ಅಕ್ಕ, ಇದೇ ಮಗ್ಗ. ನೀನು ಸೇತುವೆ ಕಟ್ಟುವ ಹೊತ್ತಿಗೆ ಅವಳ ಕಿವಿ ಅರ್ಧ ಹೋಗಿತ್ತು. ಯಾವ ಊರಿಗೆ ವರ್ಗವಾದರೂ ಶನಿವಾರ ಸಂಜೆ ದೊಡ್ಡಬಳ್ಳಾಪುರದ ಬಸ್ ತಪ್ಪಿಸಿದವನಲ್ಲ ನೀನು. ಭಾನುವಾರ ನನ್ನ ಯೂನಿಫಾರಂ ಇಸ್ತ್ರಿ ಮಾಡಿ, ಅಮ್ಮನಿಗೆ ಅವರೇಕಾಯಿ ಸುಲಿದುಕೊಟ್ಟು, ಅತ್ತೆಯ ಮಗ್ಗಕ್ಕೆ ಎಣ್ಣೆ ಬಿಟ್ಟೇ ವಾಪಸ್ ಹೊರಡುತ್ತಿದ್ದೆ. ದಣಿವು ಅನ್ನುವುದೇ ಇರಲಿಲ್ಲವಾ ನಿನಗೆ? ಇಲ್ಲಾ, ನಮಗೆ ತೋರಿಸದೆ...

ನೀನು ರಿಟೈರಾದ ಮೇಲೆ ನಗರಸಭೆಯ ನೋಟಿಸು ಬಂದ ಬೆಳಿಗ್ಗೆ ಬೀದಿಗೆ ಬೀದಿಯೇ ನಮ್ಮ ಜಗಲಿಯಲ್ಲಿತ್ತು. ಹಿಂದಿನ ಹೊಸ ಮನೆಯ ಟೀಚರಮ್ಮ ದೂರು ಕೊಟ್ಟಿದ್ದರು: ಗೋಡೆ ಅದುರುತ್ತದೆ, ಕೂಸು ನಿದ್ದೆ ಮಾಡುವುದಿಲ್ಲ. ಮೂರು ತಿಂಗಳಲ್ಲಿ ಸದ್ದು ಇಳಿಸಬೇಕು, ಇಲ್ಲವಾದರೆ ಹನ್ನೊಂದು ಶೆಡ್ಡೂ ಬಂದ್. "ನಾವು ಮೊದ್ಲಿಂದ ಇರೋರು ಕಣಣ್ಣಾ, ಅವರೇ ಖಾಲಿ ಮಾಡ್ಲಿ!" ಎಂದು ಎಲ್ಲರೂ ಕೂಗಾಡಿದರು. ನೀನು ಹೇಳಿದ್ದು ಒಂದೇ ಮಾತು: "ಆಯಮ್ಮ ಹೇಳೋದ್ರಲ್ಲಿ ಸುಳ್ಳೇನಿದೆ? ನಮ್ಮಕ್ಕನ ಕಿವೀನ ಕೇಳ್ರಪ್ಪಾ, ಹೇಳ್ತದೆ." ಆಮೇಲೆ ನೀನು ಟೇಪೂ ಪುಸ್ತಕವೂ ಹಿಡಿದು ಅತ್ತೆಯ ಶೆಡ್ಡಿಗೆ ನಡೆದೆ.

ಮೊದಲ ಸಲ ಮಗ್ಗದ ಕಾಲಡಿ ರಬ್ಬರ್ ಇಟ್ಟು ಓಡಿಸಿದೆ. ಮಗ್ಗ ಕುಣಿಯತೊಡಗಿತು, ಹಾಸಿನ ನೂಲಿನೆಳೆಗಳು ಪಟಪಟ ಕಿತ್ತುಹೋದವು. "ಸಾಹೇಬ್ರು ಮಗ್ಗಕ್ಕೆ ಭರತನಾಟ್ಯ ಕಲಿಸವ್ರೆ" ಎಂದು ಬೀದಿ ನಕ್ಕಿತು. ಈ ಸಲ ನೀನೂ ನಕ್ಕೆ! ಮಾರನೆಯ ದಿನ ಮತ್ತೆ ನೆಲದ ಮೇಲೆ ಅಂಗಾತ ಮಲಗಿ ಅಳತೆ ಹಿಡಿದೆ. ನೆಲ ಅಗೆಸಿ, ರಬ್ಬರಿನ ಮೇಲೆ ಭಾರದ ಕಾಂಕ್ರೀಟ್ ದಿಮ್ಮಿ ಕೂರಿಸಿ, ಅದರ ಮೇಲೆ ಮಗ್ಗ ನಿಲ್ಲಿಸಿದೆ. ಅತ್ತಿತ್ತ ಓಡುವ ಲಾಳಿ ಬಂದು ಬಡಿಯುವ ಕಡೆ ಚರ್ಮದ ಮೆತ್ತೆ, ಗೋಡೆಗೆಲ್ಲ ಹತ್ತಿ ತುಂಬಿದ ಹಲಗೆ.

ಅದನ್ನು ಓಡಿಸಿ ನೋಡುವ ದಿನ ಟೀಚರಮ್ಮನ ಕಿಟಕಿಯಲ್ಲಿ ಲೋಟದ ತುಂಬ ನೀರಿಟ್ಟು ನನ್ನನ್ನು ಕಾವಲು ನಿಲ್ಲಿಸಿದ್ದೆ. ನೀರು ಅಲುಗಲಿಲ್ಲ ಅಪ್ಪಾ! ಟೀಚರಮ್ಮ ಕೂಸನ್ನು ಎತ್ತಿಕೊಂಡೇ ಕಿಟಕಿಗೆ ಬಂದು, "ಸರ್, ಮಗ್ಗ ಯಾವಾಗ ಶುರು ಮಾಡ್ತೀರಾ?" ಎಂದು ಕೇಳಿದರು. "ಓಡ್ತಾ ಇದೆ ಕಣಮ್ಮಾ, ಆಗ್ಲೇ ಕಾಲು ಗಂಟೆ ಆಯ್ತು!" ನಿನ್ನ ಆ ದನಿಯನ್ನು ಯಾವ ಸೇತುವೆಯ ಉದ್ಘಾಟನೆಯಲ್ಲೂ ನಾನು ಕೇಳಿರಲಿಲ್ಲ.

ಅದಾಗಿ ಇಪ್ಪತ್ತೇ ದಿನ. ಮಧ್ಯಾಹ್ನ ಊಟ ಮಾಡಿ ಕೂತವನು ಕೂತಲ್ಲೇ ಹೋಗಿಬಿಟ್ಟೆ. ಇನ್ನೂ ಹತ್ತು ಶೆಡ್ ಬಾಕಿ. "ಇನ್ಯಾರು ಮಾಡ್ತಾರೆ?" ಎಂದು ಬೀದಿಯವರು ಕೈಚೆಲ್ಲಿದಾಗ ಅತ್ತೆ ನಿನ್ನ ಅಳತೆಯ ಪುಸ್ತಕ ತಂದು ನನ್ನ ಮಡಿಲಿಗೆ ಹಾಕಿದಳು. "ಅವ್ನು ಬರ್ದವ್ನೆ, ನೀನು ಓದು." ಫಿಸಿಕ್ಸ್‌ಗೆ ಹೆದರಿ ಬಿ.ಕಾಂ.ಗೆ ಓಡಿದವಳು ನಾನು! ನನ್ನ ಮೊದಲ ಶೆಡ್ಡಿನಲ್ಲಿ ಒಂದೊಂದು ಅಳತೆಯನ್ನೂ ಮೂರು ಮೂರು ಸಲ ಹಿಡಿದೆ. ಎರಡನೆಯದರಲ್ಲಿ ಅಳತೆಯೇ ತಪ್ಪಿತು, ಒಡೆಸಿ ಮತ್ತೆ ಹಾಕಿಸಿದೆ. ಗಡುವು ಮುಗಿಯುತ್ತಾ ಬಂದಾಗ ಇನ್ನಷ್ಟು ದಿನ ಕೊಡಿ ಎಂದು ಅರ್ಜಿ ಬರೆದುಕೊಟ್ಟವರು ಯಾರು ಗೊತ್ತಾ? ಟೀಚರಮ್ಮನೇ. ಐದನೆಯ ಶೆಡ್ಡಿನಿಂದಾಚೆ ನನಗೆ ಪುಸ್ತಕ ತೆರೆಯುವುದೇ ಬೇಕಾಗಲಿಲ್ಲ.

ಈಗ ಕೇಳು. ಹೋದ ವಾರ ಹನ್ನೊಂದನೆಯದೂ ಮುಗಿಯಿತು. ಸದ್ದು ಅಳೆಯಲು ಬಂದ ಅಧಿಕಾರಿಗಳು ಬೀದಿಯುದ್ದ ನಡೆದು ನೋಡಿ ನೋಟಿಸು ವಾಪಸ್ ಪಡೆದರು. ಒಂದು ಮಗ್ಗವೂ ನಿಂತಿಲ್ಲ. ನಿನ್ನೆ ಸಂಜೆ ಅಷ್ಟೂ ಮಗ್ಗ ಓಡುತ್ತಿರುವಾಗ ಇಬ್ಬರು ಹೆಂಗಸರು ಎದುರುಬದುರು ಬಾಗಿಲಲ್ಲಿ ನಿಂತು ಉಪ್ಪಿನಕಾಯಿಯ ಸುದ್ದಿ ಮಾತಾಡುತ್ತಿದ್ದರು. ಕೂಗದೆ, ಮೆಲ್ಲಗೆ... ನಮ್ಮ ಬೀದಿಯಲ್ಲಿ!

ಪಕ್ಕದ ಬೀದಿಯವರೂ ತಮ್ಮ ಶೆಡ್ಡುಗಳಿಗೆ ಇದೇ ಕೆಲಸ ಮಾಡಿಸಬೇಕೆಂದು ಬಂದಿದ್ದರು. "ಸೋಮವಾರ ಎಂಜಿನಿಯರಮ್ಮ ಎಷ್ಟೊತ್ತಿಗೆ ಬರ್ತಾರೆ?" ಎಂದು ಕೇಳಿದರು. ಯಾರ ಬಗ್ಗೆ ಕೇಳುತ್ತಿದ್ದಾರೆ ಎಂದು ಒಂದು ಗಳಿಗೆ ಹಿಂತಿರುಗಿ ನೋಡಿದೆ.

ಎಂಟು ಗಂಟೆಗೆ ಬರ್ತೀನಿ ಅಂದಿದ್ದೇನೆ ಅಪ್ಪಾ.

ನಿನ್ನ ಮಗಳು,
ಸುಮಾ