ಮೈಸೂರು ಟೀಮಿಗೆ ಬಾಡೂಟ

9-1-2025, ಗುರುವಾರ, ಬೆಳಿಗ್ಗೆ 7

ಹಾಲು ಡೈರಿಗೆ ಹೋಯಿತು. ಸೊಸೆ ರಂಗೋಲಿ ಇಟ್ಟಿದ್ದಳು, ಸೊಟ್ಟ. ಅಳಿಸಿ ಮತ್ತೆ ಇಡಿಸಿದೆ. ನಮ್ಮದು ಹೊಳೆನರಸೀಪುರದಿಂದ ಆಚೆ, ರಸ್ತೆ ಪಕ್ಕದ ಮನೆ. ಮೈಸೂರಿಂದ ಹಾಸನಕ್ಕೆ ಹೋಗುವ ಬಸ್ಸಿನವರೆಲ್ಲ ನೋಡುತ್ತಾರೆ.

ಮೇಘಶ್ರೀ ಹಾಸನದಿಂದ ಫೋನ್ ಮಾಡಿದಳು. ಮೊಮ್ಮಗಳು. ಬ್ಯಾಸ್ಕೆಟ್‌ಬಾಲ್ ಆಡಿ ಸಂಬಳ ತರುವವಳು ನಮ್ಮ ವಂಶದಲ್ಲಿ ಇವಳೇ ಮೊದಲು. ಹುಡುಗಿ ಉದ್ದ. ಹತ್ತನೇ ಕ್ಲಾಸಿಗೇ ನಡುಮನೆ ಬಾಗಿಲು ತಲೆಗೆ ತಾಗುತ್ತಿತ್ತು. ಅವಳಪ್ಪ ಕಾಂತರಾಜು, ನನ್ನ ಮಗ, ಇವಳಿಗೆ ಗಂಡು ಎಲ್ಲಿ ತರಲಿ ಎಂದು ಕೊರಗುತ್ತಿದ್ದ. ಮೊದಲು ಬಾಗಿಲು ಎತ್ತರ ಮಾಡಿಸು ಎಂದಿದ್ದೆ. ಮಾಡಿಸಿದ.

ಈಗ ಹೊಸದೊಂದು ಲೀಗು. ಹಾಸನದ ಟೀಮು ಇವಳನ್ನು ಈ ಸೀಸನ್ನಿಗೆ ಮಾತ್ರ ತೆಗೆದುಕೊಂಡಿದೆ. ಇಷ್ಟು ದಿನ ಬೆಂಚಿನ ಮೇಲೆ ಕೂರಿಸಿದ್ದೇ ಹೆಚ್ಚು. ಭಾನುವಾರ ಸಂಜೆ ಹಾಸನದಲ್ಲಿ ಮೈಸೂರಿನವರ ಮೇಲೆ ಆಟ. ಶುರುವಿನಿಂದಲೇ ಇಳಿಸುತ್ತಾರಂತೆ. ಚೆನ್ನಾಗಿ ಆಡಿದರೆ ಮುಂದಿನ ವರ್ಷಕ್ಕೂ ಕಾಂಟ್ರಾಕ್ಟು. ಇಲ್ಲವಾದರೆ ಚೀಲ ಹೊತ್ತು ವಾಪಸು.

"ಭಾನುವಾರ ಮಧ್ಯಾಹ್ನ ನಿನ್ನ ಟೀಮ್ನೋರ್‍ನೆಲ್ಲ ಊಟಕ್ಕೆ ಕರ್ಕೊಂಡ್ ಬಾ" ಎಂದೆ.

"ಕೋಚ್ ಬಿಡಕಿಲ್ಲ ಕಣಜ್ಜಿ. ಮ್ಯಾಚಿನ ದಿನ ಅವಲಕ್ಕಿ, ಬಾಳೆಹಣ್ಣು ಅಷ್ಟೇಯ."

ಅವಲಕ್ಕಿ! ಬೆಳೆದ ಹೆಣ್ಣುಮಕ್ಕಳಿಗೆ! ಕುರಿಗೆ ಆಗಲೇ ಹೇಳಿಯಾಗಿದೆ. ನಾನು ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡವಳಲ್ಲ.

12-1-2025, ಭಾನುವಾರ, ಮಧ್ಯಾಹ್ನ 3

ಸೊಂಟ ನೋಯುತ್ತಿದೆ. ಮನಸ್ಸು ತುಂಬಿದೆ.

ನಮ್ಮವರು ಬರದಿದ್ದರೇನು, ಮೈಸೂರಿನವರು ಇದೇ ದಾರಿಯಲ್ಲಿ ಬರಬೇಕಲ್ಲ. ಕಾಂತರಾಜನನ್ನು ರಸ್ತೆಯಲ್ಲಿ ನಿಲ್ಲಿಸಿ ವ್ಯಾನಿಗೆ ಕೈ ಅಡ್ಡ ಹಾಕಿಸಿದೆ. ಅವರ ಕೋಚು ಬೆಳಿಗ್ಗೆಯೇ ಹಾಸನಕ್ಕೆ ಹೋಗಿದ್ದನಂತೆ. ಬೇಡ ಎನ್ನುವವರು ಯಾರೂ ಇರಲಿಲ್ಲ. ಹುಡುಗಿಯರು ಮಸಾಲೆ ವಾಸನೆಗೇ ಇಳಿದರು. ಒಬ್ಬೊಬ್ಬಳೂ ಕಂಬದ ಹಾಗೆ. ಎತ್ತರದ ಬಾಗಿಲು ಸಾರ್ಥಕವಾಯಿತು.

ಮುದ್ದೆ, ಬಾಡಿನ ಸಾರು, ತಲೆಮಾಂಸ, ಮೊಟ್ಟೆ, ಅನ್ನ. ಸಾಕು ಎಂದು ಎಲೆಗೆ ಕೈ ಅಡ್ಡ ಇಟ್ಟರೆ ಆ ಕೈ ಮೇಲೇ ಬಡಿಸುವುದು ನಮ್ಮ ಮನೆಯ ಪದ್ಧತಿ. ನಾನೇ ನಿಂತು ಬಡಿಸಿದೆ. ಅವರ ಕ್ಯಾಪ್ಟನ್ ಧನುಶ್ರೀ ಅಂತ, ಒಳ್ಳೆ ಹುಡುಗಿ. ಎರಡನೇ ಮುದ್ದೆಗೆ ಕೂಗಿಕೊಂಡಳು:

"ಅಜ್ಜಿ, ಸಂಜೆ ಓಡ್ಬೇಕು ಕಣಜ್ಜಿ!"

"ಉಂಡೋರು ಓಡ್ತಾರೆ, ಉಣ್ಣದೋರು ಬೀಳ್ತಾರೆ. ಕೈ ತೆಗಿ."

ತೆಗೆಯಲಿಲ್ಲ. ಕೈ ಮೇಲೇ ಸಾರು ಬಿಟ್ಟೆ. ಪಂಕ್ತಿಯೆಲ್ಲ ನಕ್ಕಿತು.

ಈಗ ಎಲ್ಲರೂ ನಡುಮನೆಯಲ್ಲಿ ಮಲಗಿದ್ದಾರೆ. ಚಾಪೆ ಸಾಲದೆ ಕಾಲುಗಳೆಲ್ಲ ನೆಲದ ಮೇಲೆ. ಗೊರಕೆ ಬೇರೆ. ಎಬ್ಬಿಸಲು ಮನಸ್ಸಿಲ್ಲ... ಎಬ್ಬಿಸಬೇಕು. ನಾವೂ ಅದೇ ವ್ಯಾನಿನಲ್ಲಿ ಹೋಗುವುದು.

13-1-2025, ಸೋಮವಾರ

ಗೆದ್ದೆವು! ಗೆದ್ದದ್ದು ಅಂದರೆ ಅಂಥಿಂಥ ಗೆಲುವಲ್ಲ. ಮೇಘಶ್ರೀ ಒಬ್ಬಳೇ ಇಪ್ಪತ್ತೆರಡು ಪಾಯಿಂಟು. ಚೆಂಡು ಹಿಡಿದು ಓಡಿದರೆ ಅಡ್ಡ ಬರುವವರೇ ಇಲ್ಲ. ಈ ವಯಸ್ಸಿನಲ್ಲಿ ಎದ್ದು ನಿಂತು ಕೂಗಿದೆ. ಗಂಟಲು ಕಟ್ಟಿದೆ.

ಮೈಸೂರು ಹುಡುಗಿಯರು ಗಬ್ಬದ ಹಸುಗಳ ಹಾಗೆ ನಡೆದಾಡಿದರು. ಒಬ್ಬಳು ಪಕ್ಕೆ ಹಿಡಿದುಕೊಂಡು ಕೂತೇಬಿಟ್ಟಳು. ಸಿಟಿಯ ಮಕ್ಕಳು. ಮೈಯಲ್ಲಿ ಕಸುವಿಲ್ಲ. ಪಾಪ.

ಪೇಪರಿನಲ್ಲಿ ಮೇಘಶ್ರೀ ಫೋಟೋ ಬಂದಿದೆ. ಕತ್ತರಿಸಿ ಗೋಡೆಗೆ ಅಂಟಿಸಿದೆ, ಅವಳ ತಾತನ ಪಟದ ಪಕ್ಕಕ್ಕೆ.

14-1-2025, ಸಂಕ್ರಾಂತಿ

ಮೇಘಶ್ರೀ ಬಂದಳು. ಮುಖ ಕೆಂಪಗೆ. ಎಳ್ಳು ಬೆಲ್ಲ ಕೊಟ್ಟೆ, ತಿಂದು ಒಳ್ಳೆ ಮಾತಾಡು ಎಂದೆ. ತಿಂದಳು. ಒಳ್ಳೆ ಮಾತಾಡಲಿಲ್ಲ.

"ಅಜ್ಜಿ, ಅವ್ರಿಗೆ ಏನ್ ಇಕ್ಕಿದ್ದೆ ಉಣ್ಣಾಕೆ?"

"ಏನೋ ಎರಡು ತುತ್ತು."

"ಎರಡು ತುತ್ತಾ? ಧನುಶ್ರೀಗೆ ಇನ್ನೂವೆ ತೇಗು ಬತ್ತೈತಂತೆ!"

ಸೊಸೆ ಬಾಯಿಗೆ ಸೆರಗು ಹಿಡಿದು ನಕ್ಕಳು. ತಿರುಗಿ ನೋಡಿದೆ. ನಿಲ್ಲಿಸಿದಳು.

ಲೀಗಿನವರೆಲ್ಲ ಇದನ್ನೇ ಆಡಿಕೊಂಡು ನಗುತ್ತಿದ್ದಾರಂತೆ. ಇವಳ ಕೋಚ್ ಶಿವಕುಮಾರ್ ಮಾತ್ರ ನಗಲಿಲ್ಲವಂತೆ. ನಿದ್ದೆಗಣ್ಣಿನವರ ಮೇಲೆ ಹಾಕಿದ ಪಾಯಿಂಟು ನೋಡಿ ಕಾಂಟ್ರಾಕ್ಟು ಕೊಡಲಾರೆ, ಫೆಬ್ರವರಿ ಒಂಬತ್ತಕ್ಕೆ ಮೈಸೂರಿನಲ್ಲಿ ಮತ್ತೆ ಅವರ ಮೇಲೇ ಆಟ ಇದೆ, ಅಲ್ಲಿ ಆಡಿ ತೋರಿಸು ಎಂದನಂತೆ.

"ಬಂದೋರ್ಗೆ ಬಡಿಸೋದು ತಪ್ಪೇನೇ?"

"ತಪ್ಪು ಅಂತ ನಾನೆಲ್ಲಂದೆ? ಗೆದ್ದಿದ್ದು ನಾನೋ ನಿನ್ ಮುದ್ದೆಯೋ, ನಂಗೇ ಗೊತ್ತಾಯ್ತಿಲ್ಲ ಕಣಜ್ಜಿ."

ಅಷ್ಟು ಹೇಳಿ ಚೀಲ ಹೆಗಲಿಗೇರಿಸಿದಳು. ಐದರ ಬಸ್ಸಿಗೆ ಹೊರಟಳು. ಆಮೇಲೆ ನೋಡಿದರೆ ಗೋಡೆಯ ಮೇಲೆ ಫೋಟೋ ಇಲ್ಲ. ಕಿತ್ತುಕೊಂಡು ಹೋಗಿದ್ದಾಳೆ.

27-1-2025, ಸೋಮವಾರ

ಬರೆಯುವಂಥದ್ದು ಏನೂ ಇರಲಿಲ್ಲ. ಮೇಘಶ್ರೀಗೆ ಫೋನ್ ಮಾಡಿದರೆ "ಊಂ, ಪ್ರಾಕ್ಟೀಸು, ಇಡ್ತೀನಿ."

ಇವತ್ತು ಆ ಕೋಚಿಗೇ ಮಾಡಿದೆ. "ನೋಡಪ್ಪ, ತಿನ್ನಿಸಿದೋಳು ನಾನು. ಬೈಯೋದಿದ್ರೆ ನನ್ನನ್ನ ಬೈಯಿ. ಮಗೀನ ಸುದ್ದಿಗೆ ಹೋಗಬ್ಯಾಡ."

"ಬೈಯೋಕೆ ಏನೈತಮ್ಮ? ಅವತ್ತು ನಮ್ಮುಡುಗೀರ್ಗೆ ಉಣ್ಣಕ್ಕಿಕ್ಕಿಲ್ವಲ್ಲ, ಅದೇ ಪುಣ್ಯ" ಎಂದ. ಧೈರ್ಯದವನೇ. "ಒಂಬತ್ನೇ ತಾರೀಕು ಮೈಸೂರಿಗೆ ಬನ್ನಿ. ಆದ್ರೆ ಬರಿಗೈಲಿ ಬನ್ನಿ."

ಬರಿಗೈಲಿ! ನೆಂಟರ ಮನೆಗಿರಲಿ, ಆಸ್ಪತ್ರೆಗೂ ನಾನು ಬರಿಗೈಲಿ ಹೋದವಳಲ್ಲ. ಸೊಸೆ ನಿಪ್ಪಟ್ಟಾದರೂ ಮಾಡಲಾ ಅತ್ತೆ ಎಂದಳು. ಬಾಣಲೆ ಮುಟ್ಟಬೇಡ ಎಂದೆ.

9-2-2025, ಭಾನುವಾರ, ಸಂಜೆ 7, ಮೈಸೂರು

ಸ್ಟೇಡಿಯಂ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಮೇಘಶ್ರೀ ಬಟ್ಟೆ ಬದಲಾಯಿಸಿ ಬರಬೇಕು.

ಸೋತೆವು. ಎರಡೇ ಎರಡು ಪಾಯಿಂಟಿನಿಂದ.

ಆ ಧನುಶ್ರೀ ನಮ್ಮ ಮನೆಯಲ್ಲಿ ಗೊರಕೆ ಹೊಡೆದ ಹುಡುಗಿಯೇ ಅಲ್ಲ. ಚೆಂಡು ಯಾವ ಕೈಯಲ್ಲಿದೆ ಎಂದೇ ಕಾಣುವುದಿಲ್ಲ. ಮೇಘಶ್ರೀಯೂ ಬಿಡಲಿಲ್ಲ. ಬಿದ್ದಳು, ಮೊಣಕೈ ತರಚಿತು, ಎದ್ದಳು, ಅವಳ ಕೈಯಿಂದಲೇ ಕಿತ್ತು ತಂದು ಹಾಕಿದಳು. ಹಿಂದೆ ಬಿದ್ದಿದ್ದ ಟೀಮನ್ನು ಒಬ್ಬಳೇ ಎಳೆದು ತಂದಳು. ಕೊನೆಯ ಗಳಿಗೆಯಲ್ಲಿ ಚೆಂಡು ಇವಳ ಕೈಗೇ ಬಂತು. ಹಾರಿದಳು. ಯಾರೋ ಮೈಮೇಲೆ ಬಂದರು. ಚೆಂಡು ರಿಂಗಿನ ಅಂಚಿಗೆ ಬಡಿದು ಆಚೆ ಹೋಯಿತು. ಗಂಟೆ ಹೊಡೆದೇಬಿಟ್ಟಿತು.

ಕೋಚು ನೆಟ್ಟಗೆ ನನ್ನ ಹತ್ತಿರ ಬಂದ. "ಅಮ್ಮ, ಮುಂದಿನ ವರ್ಷಾನೂ ಇವಳು ನಮ್ಮೋಳೇ. ನಾಳೇನೇ ಸಹಿ."

ಹಿಂದೆಯೇ ಇವಳು ಓಡಿ ಬಂದಳು. ಬೆವರಿನ ಮೈಯಲ್ಲೇ ನನ್ನನ್ನು ಅಪ್ಪಿಕೊಂಡು ನೆಲದಿಂದ ಎತ್ತಿಬಿಟ್ಟಳು.

"ಸೋತೆ ಕಣಜ್ಜಿ! ಈ ಸಲ ನಾನೇ ಸೋತೆ, ನಾನೇ!"

ಸೋತವರು ಇಷ್ಟು ನಗುವುದನ್ನು ನಾನು ಕಂಡಿರಲಿಲ್ಲ. "ಇಳ್ಸೇ, ಜನ ನೋಡ್ತಾವ್ರೆ" ಎಂದು ಗದರಿದೆ. ಕಣ್ಣು ಒರೆಸಿಕೊಂಡೆ. ಅವಳ ಬೆವರು.

ಆದರೆ ಎಲ್ಲಿ ಸೋತಳು? ಹಾರಿದಾಗ ಅವಳ ಕೈಗೆ ಹೊಡೆದದ್ದನ್ನು ನಾನು ಕಂಡೆ. ಈ ತಿಂಗಳೆಲ್ಲ ಮೊಬೈಲಿನಲ್ಲಿ ಇದೇ ಆಟ ನೋಡಿದ್ದೇನೆ. ಅದು ಫೌಲ್. ಯಾರೂ ಅಡ್ಡ ಬರದ ಹಾಗೆ ಇವಳಿಗೆ ಎರಡು ಸಲ ಎಸೆಯಲು ಬಿಡಬೇಕಿತ್ತು. ರೆಫರಿಯ ಕಣ್ಣು ಎಲ್ಲಿತ್ತು?

ಓ, ಅಲ್ಲೇ ಗೇಟಿನ ಹತ್ತಿರ ಎಳನೀರು ಕುಡಿಯುತ್ತಾ ನಿಂತಿದ್ದಾನೆ. ಕಾಂತರಾಜು "ಬ್ಯಾಡ ಕಣವ್ವ, ಕೂತ್ಕೊ" ಎನ್ನುತ್ತಿದ್ದಾನೆ. ಇವನ ಮಾತು ನಾನು ಯಾವತ್ತು ಕೇಳಿದ್ದೇನೆ? ಬರೆಯುವ ಕನ್ನಡಕ ತೆಗೆದಿಟ್ಟು, ಅವನನ್ನು ಒಂದೇ ಒಂದು ಮಾತು ಕೇಳಿ ಬಂದು—