ನಿಂಗಯ್ಯ ಅಂತಲೇ ಹಾಕಿದೆ

ಮಾರ್ಚ್ 11, ಬುಧವಾರ

ಗೊಬ್ಬರದಂಗಡಿಯ ಕೆಲಸ ಬಹುಶಃ ಹೋಯಿತು. ಹೋಗಲಿ.

ಮದ್ದೂರಿನ ಆ ಅಂಗಡಿಯ ಬಿಲ್ ಪುಸ್ತಕದ ಬದಲಿಗೆ ನಾನು ಮಾಡುತ್ತಿರುವ ವೆಬ್ ಆಪ್‌ಗೆ ಇವತ್ತು ಗಿರಾಕಿಗಳ ಹೆಸರು ತುಂಬುತ್ತಿದ್ದೆ. ಪುಸ್ತಕದಲ್ಲಿ ಊರಿನವರದೆಲ್ಲ ಪೂರ್ತಿ ಹೆಸರು, ನಮ್ಮ ಕೇರಿಯವರದು ಮಾತ್ರ ಅರ್ಧ. ನನ್ನಪ್ಪ ಬರೀ ‘ಕೇರಿ ನಿಂಗ’. ನಾನು ನಿಂಗಯ್ಯ ಎಂದು ಹಾಕಿದೆ.

ಮಾಲೀಕ ಪುಟ್ಟಸ್ವಾಮಣ್ಣ ನೋಡಿ, “ಪುಸ್ತಕದಲ್ಲಿರಂಗೇ ಆಕಮ್ಮ, ಇಲ್ದಿದ್ರೆ ಗುರ್ತು ಸಿಗಕಿಲ್ಲ” ಅಂದರು.

“ಗುರ್ತಿಗೆ ಫೋನ್ ನಂಬರ್ ಅದೆ ಕಣಣ್ಣ. ಪೂರ್ತಿ ಹೆಸರಿಲ್ದೆ ಬಿಲ್ಲು ಬರಕಿಲ್ಲ, ಅಂಗೇ ಮಾಡಿವ್ನಿ.”

“ಅಂಗಾರೆ ಬ್ಯಾರೆಯವ್ರ ಕೈಲಿ ಮಾಡುಸ್ತೀನಿ.”

“ಮಾಡ್ಸಿ” ಅಂದು ಲ್ಯಾಪ್‌ಟಾಪ್ ಮುಚ್ಚಿ ಬಂದುಬಿಟ್ಟೆ.

ಅಪ್ಪನಿಗೆ ಹೇಳಿದರೆ, “ನಂಗೇನೂ ಬೇಜಾರಿರ್ನಿಲ್ಲ ಕಣವ್ವ” ಅಂದ.

ನನಗಿತ್ತು. ನಾಳೆ ಅವರೇ ಕರೆದರೂ ಆ ಹೆಸರು ತಿದ್ದೋದಿಲ್ಲ.